ಜಿಮೇಲ್ ತುಂಬಿದಾಗ ಏನನ್ನು ಅಳಿಸಬೇಕು, ಏನನ್ನು ಎತ್ತಿಡಬೇಕು

ಜಿಮೇಲ್‌ನ 15 ಜಿಬಿ ಜಾಗ ಪೂರ್ತಿ ತುಂಬಿದರೆ ಏನಾಗುತ್ತದೆ ಅಂತ ಬಹಳ ಜನಕ್ಕೆ ಅರ್ಧ ಮಾತ್ರ ಗೊತ್ತು. ಹೊಸ ಮೇಲ್ ಕಳಿಸಲು ಆಗುವುದಿಲ್ಲ, ಅದು ಕಣ್ಣಿಗೆ ಕಾಣುತ್ತದೆ. ಆದರೆ ನಮಗೆ ಬರಬೇಕಾದ ಮೇಲ್ ಕೂಡ ಬರುವುದಿಲ್ಲ, ಅದು ಕಾಣುವುದೇ ಇಲ್ಲ. 'ಇವರ ಖಾತೆಯಲ್ಲಿ ಜಾಗವಿಲ್ಲ' ಅಂತ ಅದು ಕಳಿಸಿದವರಿಗೇ ವಾಪಸ್ ಹೋಗುತ್ತದೆ. ಕಳಿಸಿದವರು ಗೆಳೆಯರಾದರೆ ಫೋನ್ ಮಾಡಿ ಹೇಳುತ್ತಾರೆ, ಸರಿ. ಬ್ಯಾಂಕೋ, ಪರೀಕ್ಷೆ ನಡೆಸುವವರೋ, ಇಂಟರ್‌ವ್ಯೂಗೆ ಕರೆದ ಕಂಪನಿಯೋ ಆಗಿದ್ದರೆ? ಅವೆಲ್ಲ ಸಾಮಾನ್ಯವಾಗಿ ನೋ-ರಿಪ್ಲೈ ವಿಳಾಸದಿಂದ ತಾವಾಗಿಯೇ ಹೊರಡುವ ಪತ್ರಗಳು. ವಾಪಸ್ ಬಂದದ್ದನ್ನು ಅಲ್ಲಿ ಕೂತು ಓದುವವರು ಯಾರೂ ಇರುವುದಿಲ್ಲ. ಆಮೇಲೆ ನೀವು ಜಾಗ ಖಾಲಿ ಮಾಡಿದರೂ, ಒಮ್ಮೆ ವಾಪಸ್ ಹೋದ ಪತ್ರ ತಾನಾಗಿ ತಿರುಗಿ ಬರುವುದಿಲ್ಲ. ಹಾಗಾಗಿ ಶೇಕಡಾ 90 ದಾಟಿದೆ ಅಂತ ಎಚ್ಚರಿಕೆ ಕಂಡಾಗಲೇ ಈ ಕೆಲಸಕ್ಕೆ ಕೂರುವುದು ಒಳ್ಳೆಯದು. ನೂರು ಆದ ಮೇಲೆ ಗಾಬರಿಯಲ್ಲಿ ಕೂತರೆ ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸುತ್ತೇವೆ, ಬೇಕಾದದ್ದೂ ಅದರಲ್ಲಿ ಹೋಗುತ್ತದೆ.

ನಾವು ಈ ಸ್ಥಿತಿಗೆ ಬಂದದ್ದಕ್ಕೂ ಕಾರಣ ಇದೆ. ಜಿಮೇಲ್ ಬಂದದ್ದು 2004ರ ಏಪ್ರಿಲ್ 1ರಂದು. ಆಗ ಹಾಟ್‌ಮೇಲ್ ಕೊಡುತ್ತಿದ್ದದ್ದು 2 ಎಂಬಿ, ಯಾಹೂ 4 ಎಂಬಿ. ಜಿಮೇಲ್ ಒಂದೇ ಸಲ 1 ಜಿಬಿ ಕೊಟ್ಟಿತು. ಇನ್ನು ಮೇಲೆ ಯಾವ ಪತ್ರವನ್ನೂ ಅಳಿಸಬೇಕಿಲ್ಲ ಅನ್ನುವುದೇ ಅದರ ದೊಡ್ಡ ಭರವಸೆಯಾಗಿತ್ತು. ನಾವೂ ನಂಬಿದೆವು, ಅಳಿಸುವ ಅಭ್ಯಾಸವನ್ನೇ ಬಿಟ್ಟೆವು. 2013ರಲ್ಲಿ ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ 15 ಜಿಬಿ ಅಂತ ಮಾಡಿದರು. ಫೋಟೋಗಳ ಗುಣಮಟ್ಟ ಸ್ವಲ್ಪ ಇಳಿಸಿ ಇಟ್ಟರೆ ಲೆಕ್ಕಕ್ಕಿಲ್ಲ ಅನ್ನುವ ರಿಯಾಯಿತಿ ಬಹಳ ವರ್ಷ ಇತ್ತು, 2021ರ ಜೂನ್ 1ಕ್ಕೆ ಅದೂ ಮುಗಿಯಿತು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಮೊದಲು ಪುಕ್ಕಟೆ ಇತ್ತು, 2023ರ ಕೊನೆಯಿಂದ ಹಂತ ಹಂತವಾಗಿ ಅದನ್ನೂ ಇದೇ 15 ಜಿಬಿಯ ಲೆಕ್ಕಕ್ಕೆ ತಂದರು. ಅಂದರೆ ಜಾಗ ಅಷ್ಟೇ ಇದೆ, ಅದರೊಳಗೆ ತುರುಕುವ ಬಾಬತ್ತುಗಳು ಜಾಸ್ತಿಯಾಗಿವೆ.

ಆದ್ದರಿಂದ ಮೇಲ್ ಅಳಿಸಲು ಹೊರಡುವ ಮೊದಲು, ತುಂಬಿರುವುದು ಮೇಲೇನಾ ಅಂತ ನೋಡಿ. ಕಂಪ್ಯೂಟರ್‌ನಲ್ಲಿ ಜಿಮೇಲ್ ಪುಟದ ಕೆಳತುದಿಗೆ ಹೋದರೆ ಎಷ್ಟು ಬಳಸಿದ್ದೀರಿ ಅಂತ ಸಣ್ಣದಾಗಿ ಬರೆದಿರುತ್ತದೆ. ಅದನ್ನು ಒತ್ತಿದರೆ ಫೋಟೋ ಎಷ್ಟು, ಡ್ರೈವ್ ಎಷ್ಟು, ಮೇಲ್ ಎಷ್ಟು ಅಂತ ಬೇರೆ ಬೇರೆ ತೋರಿಸುತ್ತದೆ. 11 ಜಿಬಿ ಫೋಟೋ ಇದ್ದು ಮೇಲ್ 2 ಜಿಬಿ ಇದ್ದರೆ, ನೀವು ರಾತ್ರಿಯೆಲ್ಲ ಕೂತು ಮೇಲ್ ಅಳಿಸಿದರೂ ಹೆಚ್ಚಿನ ಪ್ರಯೋಜನವಿಲ್ಲ. ವಾಟ್ಸಾಪ್ ಬ್ಯಾಕಪ್‌ನಲ್ಲಿ ವಿಡಿಯೋ ಸೇರಿಸುವ ಆಯ್ಕೆ ಆನ್ ಆಗಿದೆಯಾ ಅಂತಲೂ ನೋಡಿ. ಮನೆ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳು ಹಲವು ಜಿಬಿ ತಿಂದಿರುವುದನ್ನು ನಾನು ತುಂಬಾ ಫೋನ್‌ಗಳಲ್ಲಿ ಕಂಡಿದ್ದೇನೆ. ಆ ಒಂದು ಆಯ್ಕೆ ಆಫ್ ಮಾಡಿ ಹೊಸದಾಗಿ ಬ್ಯಾಕಪ್ ತೆಗೆದರೆ ಎಷ್ಟೋ ಜನರ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮೇಲೇ ಜಾಗ ತಿಂದಿದೆ ಅಂತಾದರೆ ಮುಂದಕ್ಕೆ ಓದಿ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಜಿಮೇಲ್‌ನ ಆರ್ಕೈವ್ ಬಟನ್ ಒತ್ತಿದರೆ ಒಂದು ಬೈಟ್ ಜಾಗವೂ ಉಳಿಯುವುದಿಲ್ಲ. ಹಾಲ್‌ನಲ್ಲಿದ್ದ ಸಾಮಾನನ್ನು ಅದೇ ಮನೆಯ ಅಟ್ಟಕ್ಕೆ ಹಾಕಿದ ಹಾಗೆ ಅದು. ಪತ್ರಕ್ಕೆ ಅಂಟಿಸಿದ್ದ ಇನ್‌ಬಾಕ್ಸ್ ಅನ್ನುವ ಲೇಬಲ್ ಕಳಚುತ್ತದೆ, ಪತ್ರ ಮಾತ್ರ ಆಲ್ ಮೇಲ್‌ನಲ್ಲಿ ಹಾಗೆಯೇ ಕೂತಿರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಆಗುವುದೂ, ನೀವು ಸೆಟ್ಟಿಂಗ್ಸ್ ಬದಲಿಸಿಲ್ಲವಾದರೆ, ಇದೇ. ವರ್ಷಗಟ್ಟಲೆ ಸರಿಸಿ ಸರಿಸಿ ಇನ್‌ಬಾಕ್ಸ್ ಖಾಲಿ ಮಾಡಿ, 'ಎಲ್ಲ ತೆಗೆದಿದ್ದೇನಲ್ಲ, ಮತ್ಯಾಕೆ ತುಂಬಿದೆ' ಅಂತ ಕೇಳುವವರು ಇದ್ದಾರೆ. ತೆಗೆದಿಲ್ಲ, ಕಣ್ಣಿಗೆ ಕಾಣದ ಹಾಗೆ ಇಟ್ಟಿದ್ದಾರೆ ಅಷ್ಟೇ. ಜಾಗ ಉಳಿಯಬೇಕಾದರೆ ಪತ್ರ ಗೂಗಲ್‌ನ ಸರ್ವರ್‌ನಿಂದಲೇ ಹೋಗಬೇಕು. ಆ ಪತ್ರ ನಿಮಗೆ ಬೇಕು ಅಂತಾದರೆ ಹೋಗುವ ಮುಂಚೆ ಅದರ ನಕಲು ನಿಮ್ಮ ಕೈಗೆ ಬರಬೇಕು.

ಎರಡನೆಯದು, ಪತ್ರಗಳ ಸಂಖ್ಯೆ ಮುಖ್ಯವಲ್ಲ, ತೂಕ ಮುಖ್ಯ. ಅಂಗಡಿಗಳಿಂದ ಬರುವ ಆಫರ್ ಮೇಲ್‌ಗಳನ್ನು ನೋಡಿದರೆ ಸಿಟ್ಟು ಬರುತ್ತದೆ, ಮೊದಲು ಅವುಗಳ ಮೇಲೇ ಕೈ ಹೋಗುತ್ತದೆ. ಆದರೆ ಅವುಗಳಲ್ಲಿ ಚಿತ್ರಗಳು ಸಾಮಾನ್ಯವಾಗಿ ಪತ್ರದ ಒಳಗೆ ಇರುವುದಿಲ್ಲ, ಅಂಗಡಿಯವರ ಸರ್ವರ್‌ನಲ್ಲಿ ಇರುತ್ತವೆ. ಪತ್ರ 102 ಕೆಬಿ ದಾಟಿದರೆ ಜಿಮೇಲ್ ಅದನ್ನು ಮಧ್ಯಕ್ಕೇ ಕತ್ತರಿಸಿ ತೋರಿಸುತ್ತದೆ, ಹಾಗಾಗಿ ಕಳಿಸುವವರೂ ಅದಕ್ಕಿಂತ ಚಿಕ್ಕದಾಗಿಯೇ ಇಡಲು ನೋಡುತ್ತಾರೆ. ಒಂದಕ್ಕೆ 50 ಕೆಬಿ ಅಂತ ಹಿಡಿದರೂ 10,000 ಆಫರ್ ಮೇಲ್ ಸೇರಿ ಅರ್ಧ ಜಿಬಿ. ಅದೇ ಮದುವೆ ಆಲ್ಬಮ್‌ನ 20 ಎಂಬಿ ಫೈಲ್ ಇರುವ 25 ಪತ್ರ ಸಿಕ್ಕರೆ ಅಲ್ಲಿಗೇ ಅರ್ಧ ಜಿಬಿ ಆಯಿತು. ಇನ್ನೊಂದು ವಿಷಯ: ಮೇಲ್ ವ್ಯವಸ್ಥೆ ಹುಟ್ಟಿದ್ದು ಬರೀ ಅಕ್ಷರಗಳನ್ನು ಸಾಗಿಸಲು. ಫೋಟೋ, ಪಿಡಿಎಫ್ ಮುಂತಾದವನ್ನು ಕಳಿಸಬೇಕಾದರೆ ಅದರ ಪ್ರತಿ 3 ಬೈಟನ್ನು 4 ಅಕ್ಷರವಾಗಿ ಬದಲಿಸಬೇಕು. ಹಾಗಾಗಿ 9 ಎಂಬಿಯ ಫೈಲ್ ಪತ್ರದ ಜೊತೆ ಹೊರಟಾಗ 12 ಎಂಬಿ ದಾಟುತ್ತದೆ.

ತೂಕದ ಪತ್ರಗಳನ್ನು ಹುಡುಕುವುದು ಸುಲಭ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಹುಡುಕುವ ಪೆಟ್ಟಿಗೆಯ ಬಲತುದಿಯಲ್ಲಿರುವ ಚಿಕ್ಕ ಗುರುತನ್ನು ಒತ್ತಿ. ಸೈಜ್ ಅನ್ನುವ ಕಡೆ 'ಇದಕ್ಕಿಂತ ದೊಡ್ಡದು' ಅಂತ ಆರಿಸಿ 10 ಎಂಬಿ ಹಾಕಿ. ಬೇಗ ಆಗಬೇಕೆಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಲಾರ್ಜರ್ ಅಂತ ಬರೆದು, ಅದಕ್ಕೆ ಅಂಟಿಕೊಂಡೇ ಕೋಲನ್ ಹಾಕಿ, 10 ಮತ್ತು ಎಂ ಬರೆದರೆ ಸಾಕು, ನಡುವೆ ಸ್ಪೇಸ್ ಬೇಡ. ಮುಂದೆ ಬಿಫೋರ್ ಅಂತ ಬರೆದು ಕೋಲನ್ ಹಾಕಿ 2018/01/01 ಸೇರಿಸಿದರೆ ಆ ದಿನಕ್ಕಿಂತ ಹಳೆಯವು ಮಾತ್ರ ಬರುತ್ತವೆ. ಮೊದಲು 10 ಎಂಬಿ ನೋಡಿ ಮುಗಿಸಿ, ಆಮೇಲೆ 5, ಆಮೇಲೆ 2. ಅದಕ್ಕಿಂತ ಕೆಳಗೆ ಇಳಿದರೆ ಪಡುವ ಶ್ರಮಕ್ಕೆ ತಕ್ಕ ಜಾಗ ಸಿಗುವುದಿಲ್ಲ.

ಅಳಿಸುವ ಮುನ್ನ ಸೆಟ್ಟಿಂಗ್ಸ್‌ಗೆ ಹೋಗಿ ಕಾನ್ವರ್ಸೇಶನ್ ವ್ಯೂ ಅನ್ನುವುದನ್ನು ಆಫ್ ಮಾಡಿ. ಇದನ್ನು ದಯವಿಟ್ಟು ಮರೆಯಬೇಡಿ. ಅದು ಆನ್ ಇದ್ದಾಗ ಜಿಮೇಲ್ ಒಂದು ವಿಷಯದ ಪತ್ರಗಳನ್ನೆಲ್ಲ ಒಂದೇ ಸಾಲಾಗಿ ಕಟ್ಟಿ ತೋರಿಸುತ್ತದೆ. ಆ ಸಾಲಿಗೆ ಟಿಕ್ ಹಾಕಿ ಅಳಿಸಿದರೆ, ದೊಡ್ಡ ಫೈಲ್ ಇದ್ದ ಪತ್ರದ ಜೊತೆ ಅದರ ಹಿಂದೆ ಮುಂದೆ ನಡೆದ ಮಾತುಕತೆಯೆಲ್ಲ ಹೋಗುತ್ತದೆ. ಸೈಟ್ ಖರೀದಿ ವಿಚಾರವಾಗಿ ವಕೀಲರ ಜೊತೆ ಆದ ಹದಿನೆಂಟು ಪತ್ರಗಳಲ್ಲಿ ಒಂದಕ್ಕೆ ಸ್ಕ್ಯಾನ್ ಮಾಡಿದ ಕ್ರಯಪತ್ರ ಲಗತ್ತಿಸಿದೆ ಅಂದುಕೊಳ್ಳಿ. ನಿಮಗೆ ಹೋಗಬೇಕಾದದ್ದು ಅದೊಂದೇ, ಆದರೆ ಹದಿನೆಂಟೂ ಹೋಗುತ್ತವೆ. ಆಫ್ ಮಾಡಿದ ಮೇಲೆ ಪ್ರತಿ ಪತ್ರವೂ ಬೇರೆ ಬೇರೆಯಾಗಿ ಕಾಣುತ್ತದೆ. ಕೆಲಸ ಮುಗಿದ ಮೇಲೆ ಬೇಕಿದ್ದರೆ ಮತ್ತೆ ಆನ್ ಮಾಡಿಕೊಳ್ಳಿ.

ಪತ್ರದ ಮಾತು ಬೇಕು, ಫೈಲ್ ಬೇಡ ಅಂದರೆ? ಫೈಲನ್ನು ಮಾತ್ರ ಕಿತ್ತುಹಾಕುವ ದಾರಿ ಜಿಮೇಲ್‌ನಲ್ಲಿ ಇಲ್ಲ. ಫೈಲನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ, ಪತ್ರವನ್ನು ನಿಮಗೇ ಫಾರ್ವರ್ಡ್ ಮಾಡಿಕೊಳ್ಳಿ, ಕಳಿಸುವ ಮುನ್ನ ಲಗತ್ತಿನ ಪಕ್ಕದ ಗುಣಿಸು ಗುರುತನ್ನು ಒತ್ತಿ ಅದನ್ನು ತೆಗೆಯಿರಿ, ಆಮೇಲೆ ಮೂಲ ಪತ್ರ ಅಳಿಸಿ. ತಾರೀಖು ಹೊಸದಾಗುತ್ತದೆ, ಆದರೆ ಹಳೆಯ ತಾರೀಖು ಪತ್ರದ ಒಳಗೇ ಬರೆದಿರುತ್ತದೆ. ಕಾನೂನಿಗೆ ಸಂಬಂಧಿಸಿದ ಪತ್ರಗಳಿಗೆ ಮಾತ್ರ ಹೀಗೆ ಮಾಡಬೇಡಿ, ಅಲ್ಲಿ ಮೂಲಕ್ಕೇ ಬೆಲೆ. ಡ್ರೈವ್‌ಗೆ ಸೇರಿಸು ಅನ್ನುವ ಗುರುತನ್ನೂ ಒತ್ತಬೇಡಿ. ಡ್ರೈವ್ ಕೂಡ ಇದೇ 15 ಜಿಬಿಯಲ್ಲೇ ಇರುವುದು, ಒಂದೇ ಫೈಲ್ ಎರಡು ಕಡೆ ಜಾಗ ಹಿಡಿಯುತ್ತದೆ.

ಸೆಂಟ್ ಫೋಲ್ಡರ್ ನೋಡುವುದನ್ನು ತುಂಬಾ ಜನ ಮರೆಯುತ್ತಾರೆ. ನೀವು ಕಳಿಸಿದ್ದಕ್ಕೂ ನಿಮ್ಮ ಜಾಗವೇ ಖರ್ಚು. ರಿಪ್ಲೈ ಮಾಡಿದರೆ ಲಗತ್ತು ಜೊತೆಗೆ ಹೋಗುವುದಿಲ್ಲ, ಆದರೆ ಫಾರ್ವರ್ಡ್ ಮಾಡಿದರೆ ಹೋಗುತ್ತದೆ, ಪ್ರತಿ ಸಲವೂ ಹೊಸ ನಕಲು. ನಮ್ಮ ಸಂಬಂಧಿಕರೊಬ್ಬರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾಗಿದ್ದರು. ಮಹಾಸಭೆಯ ನಡಾವಳಿಯನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫಾರ್ವರ್ಡ್ ಮಾಡುತ್ತಿದ್ದರು. ಅವರ ಖಾತೆಯಲ್ಲಿ ಇನ್‌ಬಾಕ್ಸ್‌ಗಿಂತ ಸೆಂಟ್ ಫೋಲ್ಡರ್ ದೊಡ್ಡದಾಗಿತ್ತು, ಅದರ ತುಂಬಾ ಅದದೇ ಪಿಡಿಎಫ್. ಪ್ರತಿ ಸಭೆಗೆ ಒಂದು ನಕಲು ಉಳಿಸಿ ಮಿಕ್ಕದ್ದು ತೆಗೆದಾಗ ಖಾತೆ ಹಗುರವಾಯಿತು. ಇಂಥ ಕೆಲಸ ಮಾಡುವವರು ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಬಿಸಿಸಿ ಅನ್ನುವ ಸಾಲಿನಲ್ಲಿ ಎಲ್ಲರ ವಿಳಾಸ ಹಾಕಿ ಒಂದೇ ಪತ್ರ ಕಳಿಸಿದರೆ ಸಾಕು. ಸ್ಕ್ಯಾನ್ ಕಪ್ಪು-ಬಿಳುಪಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು.

ಅಳಿಸಿದ್ದು ಬಿನ್‌ಗೆ ಹೋಗುತ್ತದೆ, ಕೆಲವರಿಗೆ ಟ್ರ್ಯಾಶ್ ಅಂತ ಕಾಣುತ್ತದೆ. ಅಲ್ಲಿ 30 ದಿನ ಇರುತ್ತದೆ, ಆ 30 ದಿನವೂ ಲೆಕ್ಕಕ್ಕೆ ಬರುತ್ತದೆ. ಸ್ಪ್ಯಾಮ್ ಕೂಡ ಹಾಗೆಯೇ. ಈಗಲೇ ಜಾಗ ಬೇಕಾದರೆ ಎರಡನ್ನೂ ಖಾಲಿ ಮಾಡಿ. ಲೆಕ್ಕ ತಕ್ಷಣ ಇಳಿಯದಿದ್ದರೆ ಗಾಬರಿ ಬೇಡ, ಒಂದು ದಿನ ಬಿಟ್ಟು ನೋಡಿ.

ಆಫರ್ ಮೇಲ್‌ಗಳಿಗೆ ಇಷ್ಟು ಸಾಕು: ಪ್ರಮೋಷನ್ಸ್ ವಿಭಾಗಕ್ಕೆ ಹೋಗಿ, ಮೇಲಿನ ಚೌಕಕ್ಕೆ ಟಿಕ್ ಹಾಕಿ. ಪುಟದಲ್ಲಿರುವ 50 ಮಾತ್ರ ಆಯ್ಕೆಯಾಗುತ್ತದೆ. ಎಲ್ಲವನ್ನೂ ಆಯ್ಕೆ ಮಾಡು ಅನ್ನುವ ಸಾಲು ಅದರ ಮೇಲೆ ಬರುತ್ತದೆ, ಅದನ್ನು ಒತ್ತಿದರೆ ಸಾವಿರಗಟ್ಟಲೆ ಒಟ್ಟಿಗೆ ಹೋಗುತ್ತವೆ. ಫೋನಿನಲ್ಲಿ ಒಂದೊಂದೇ ಒತ್ತುತ್ತಾ ಕೂರಬೇಡಿ, ಕಂಪ್ಯೂಟರ್‌ನಲ್ಲೇ ಮಾಡಿ. ಒಮ್ಮೆ ಕಣ್ಣಾಡಿಸಿಯೇ ಅಳಿಸಿ, ವಿಮಾನದ ಟಿಕೆಟ್, ವಾರಂಟಿ ಬಿಲ್ ಕೆಲವೊಮ್ಮೆ ಇಲ್ಲಿಗೇ ಬಂದು ಬಿದ್ದಿರುತ್ತವೆ.

ಈಗ ನಿಜವಾದ ಎತ್ತಿಡುವ ಕೆಲಸ. ಹತ್ತು ವರ್ಷ ಹಿಂದಿನ ಪತ್ರಗಳು ದಿನವೂ ಬೇಕಾಗುವುದಿಲ್ಲ, ಆದರೆ ಕಳೆದುಹೋಗಬಾರದು. ಅಪ್ಪ ಬರೆದ ಪತ್ರ, ಮೊದಲ ಕೆಲಸದ ಆಫರ್ ಲೆಟರ್, ಮನೆ ಸಾಲದ ವ್ಯವಹಾರ, ಹಳೆಯ ಫಾರ್ಮ್ 16. ಇದಕ್ಕೆ ಗೂಗಲ್‌ನ ಟೇಕ್‌ಔಟ್ ಅನ್ನುವ ಸೌಲಭ್ಯ ಇದೆ, ಪುಕ್ಕಟೆ. ಮೊದಲು ಜಿಮೇಲ್‌ನಲ್ಲಿ ಹಳೆಯ ಪತ್ರಗಳನ್ನು ತಾರೀಖಿನ ಪ್ರಕಾರ ಹುಡುಕಿ, ಎಲ್ಲಕ್ಕೂ ಒಂದು ಹೊಸ ಲೇಬಲ್ ಹಾಕಿ, '2018ರ ಹಿಂದಿನದು' ಅಂತ ಇಟ್ಟುಕೊಳ್ಳಿ. ಆಮೇಲೆ ಟೇಕ್‌ಔಟ್ ಪುಟಕ್ಕೆ ಹೋಗಿ. ಅಲ್ಲಿ ಎಲ್ಲಕ್ಕೂ ಟಿಕ್ ಬಿದ್ದಿರುತ್ತದೆ, ಅಷ್ಟನ್ನೂ ತೆಗೆದು ಮೇಲ್ ಒಂದಕ್ಕೆ ಹಾಕಿ, ಅದರೊಳಗೆ ಆ ಒಂದು ಲೇಬಲ್ ಮಾತ್ರ ಆರಿಸಿ. ಹೇಗೆ ಬೇಕು ಅಂತ ಕೇಳಿದಾಗ ಡೌನ್‌ಲೋಡ್ ಲಿಂಕ್ ಅನ್ನಿ. ಡ್ರೈವ್‌ಗೆ ಹಾಕು ಅಂದರೆ ಎತ್ತಿಟ್ಟ ಗಂಟು ಮತ್ತೆ ಅದೇ 15 ಜಿಬಿಯೊಳಗೆ ಬಂದು ಕೂರುತ್ತದೆ! ತಯಾರಾಗಲು ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಬೇಕು. ಲಿಂಕ್ ಇರುವುದು 7 ದಿನ ಮಾತ್ರ. ನಿಮ್ಮ ಖಾತೆ ಆಗಲೇ ತುಂಬಿದ್ದರೆ ಲಿಂಕಿನ ಮೇಲ್‌ಗೆ ಕಾಯುವ ಬದಲು ಟೇಕ್‌ಔಟ್ ಪುಟಕ್ಕೇ ಹೋಗಿ ನೋಡಿ, ಅಲ್ಲಿಂದಲೇ ಇಳಿಸಿಕೊಳ್ಳಬಹುದು.

ಕೈಗೆ ಸಿಗುವುದು ಎಂಬಾಕ್ಸ್ ಅನ್ನುವ ಮಾದರಿಯ ಫೈಲ್. ಯುನಿಕ್ಸ್ ಕಾಲದಿಂದ ಬಂದ ಹಳೆಯ, ಸರಳ ಮಾದರಿ. ಪತ್ರಗಳನ್ನೆಲ್ಲ ಒಂದರ ಕೆಳಗೊಂದು ಬರೆದಿಟ್ಟ ಉದ್ದನೆಯ ಪಠ್ಯ ಅಷ್ಟೇ. ಯಾವ ಒಂದು ಕಂಪನಿಯ ಸೊತ್ತೂ ಅಲ್ಲ, ಹಾಗಾಗಿ ಇನ್ನು ಎಷ್ಟೋ ವರ್ಷದ ಮೇಲೂ ಇದನ್ನು ತೆರೆಯುವ ಸಾಫ್ಟ್‌ವೇರ್ ಇರುತ್ತದೆ ಅನ್ನುವ ಧೈರ್ಯ ನನಗಿದೆ. ಆದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಕನ್ನಡ ಹುಡುಕಬೇಡಿ, ಸಿಗುವುದಿಲ್ಲ. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರ್‌ನಲ್ಲಿ ಬರೆದಿಡುವ ಒಂದೇ ಕ್ರಮ ಯುನಿಕೋಡ್, ಅದರಲ್ಲಿ ಒಂದು 'ಕ' ಅಂದರೆ ಸಾಮಾನ್ಯವಾಗಿ 3 ಬೈಟ್. ಮೇಲ್‌ನಲ್ಲಿ ಹೋಗುವಾಗ ಅದು ಎಷ್ಟೋ ಸಲ ಈಕ್ವಲ್ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಸೇರಿ 9 ಅಕ್ಷರದ ಸಾಲಾಗಿರುತ್ತದೆ. ನೋಡಿದವರು ಫೈಲ್ ಕೆಟ್ಟಿದೆ ಅಂದುಕೊಂಡು ಬಿಸಾಡಿಬಿಡುತ್ತಾರೆ. ಕೆಟ್ಟಿಲ್ಲ. ಥಂಡರ್‌ಬರ್ಡ್ ಅನ್ನುವ ಪುಕ್ಕಟೆ ಮೇಲ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದಕ್ಕೆ ಇಂಪೋರ್ಟ್ ಎಕ್ಸ್‌ಪೋರ್ಟ್ ಟೂಲ್ಸ್ ಎನ್‌ಜಿ ಅನ್ನುವ ಆಡ್-ಆನ್ ಸೇರಿಸಿ, ಲೋಕಲ್ ಫೋಲ್ಡರ್ಸ್ ಅನ್ನುವ ಕಡೆ ಈ ಫೈಲನ್ನು ಒಳಗೆ ತನ್ನಿ. ಕನ್ನಡ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೂ ಸಿಗುತ್ತದೆ.

ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಜಿಮೇಲ್ ಖಾತೆಯನ್ನು ಥಂಡರ್‌ಬರ್ಡ್‌ಗೋ ಔಟ್‌ಲುಕ್‌ಗೋ ಜೋಡಿಸಿದರೆ ಪತ್ರಗಳೆಲ್ಲ ಅಲ್ಲಿ ಕಾಣುತ್ತವೆ. 'ನನ್ನ ಕಂಪ್ಯೂಟರ್‌ಗೆ ಬಂದಾಯ್ತಲ್ಲ' ಅಂತ ಜಿಮೇಲ್‌ನಲ್ಲಿ ಅಳಿಸಿದರೆ ಇಲ್ಲಿಂದಲೂ ಮಾಯವಾಗುತ್ತವೆ. ಯಾಕೆಂದರೆ ಸಾಮಾನ್ಯವಾಗಿ ಜೋಡಣೆ ಐಮ್ಯಾಪ್ ಮೂಲಕ ಆಗಿರುತ್ತದೆ, ಸರ್ವರ್‌ನಲ್ಲಿ ಏನಿದೆಯೋ ಅದನ್ನೇ ಇಲ್ಲೂ ತೋರಿಸುವುದು ಅದರ ಕೆಲಸ. ಅಲ್ಲಿ ಹೋದದ್ದು ಇಲ್ಲೂ ಹೋಗುತ್ತದೆ. ಲೋಕಲ್ ಫೋಲ್ಡರ್ಸ್‌ಗೆ ಕಾಪಿ ಮಾಡಿದ್ದು ಮಾತ್ರ ನಿಮ್ಮದು.

ಜಿಮೇಲ್‌ನಲ್ಲಿ ಅಳಿಸುವ ಮೊದಲು ಎತ್ತಿಟ್ಟದ್ದನ್ನು ತೆರೆದು ನೋಡಿ. ತೀರಾ ಹಳೆಯದು ಒಂದು, ಕೊನೆಯದು ಒಂದು, ಲಗತ್ತು ಇರುವುದು ನಾಲ್ಕೈದು. ಫೈಲ್ ತೆರೆಯುತ್ತಾ? ಬ್ಯಾಂಕಿನ ಸ್ಟೇಟ್‌ಮೆಂಟ್ ಪಿಡಿಎಫ್‌ಗಳಿಗೆ ಪಾಸ್‌ವರ್ಡ್ ಇರುತ್ತದೆ, ಅದು ಹೆಸರಿನ ಮೊದಲ ನಾಲ್ಕಕ್ಷರ ಮತ್ತು ಹುಟ್ಟಿದ ದಿನಾಂಕ ಅಂತಲೋ, ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಅಂತಲೋ ಆ ಪತ್ರದಲ್ಲೇ ಬರೆದಿರುತ್ತದೆ. ಪಿಡಿಎಫ್ ಮಾತ್ರ ಇಳಿಸಿಕೊಂಡು ಪತ್ರ ಅಳಿಸಿದರೆ ಆರು ವರ್ಷದ ಮೇಲೆ ಪಾಸ್‌ವರ್ಡ್ ಯಾವುದು ಅಂತ ಗೊತ್ತಾಗುವುದಿಲ್ಲ. ಯಾವ ಬ್ಯಾಂಕಿಗೆ ಯಾವ ಕ್ರಮ ಅಂತ ಒಂದು ಕಡೆ ಬರೆದಿಡಿ. ಹಾಗೆಯೇ 2000ದ ದಶಕದ ಕನ್ನಡ ಕಡತಗಳು, ಆಹ್ವಾನಪತ್ರಿಕೆ, ಲೇಖನ, ಕಚೇರಿ ಸುತ್ತೋಲೆ ಎಷ್ಟೋ ನುಡಿ, ಬರಹ ಫಾಂಟ್‌ಗಳಲ್ಲಿವೆ, ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಎತ್ತಿಡುವಾಗಲೇ ಯುನಿಕೋಡ್‌ಗೆ ಬದಲಿಸಿ ಒಂದು ನಕಲು ಮಾಡಿಡಿ, ಫಾಂಟನ್ನೂ ಅದೇ ಫೋಲ್ಡರ್‌ನಲ್ಲಿ ಹಾಕಿ. ಈ ಕೆಲಸ ಯಾರೂ ಮಾಡುತ್ತಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರದ ವಿಷಯ, ಊರೂರಿನ ಸಂಘಗಳ ಇಪ್ಪತ್ತು ವರ್ಷದ ಬರವಣಿಗೆ ಹೀಗೇ ಓದಲಾಗದಂತೆ ಬಿದ್ದಿದೆ.

ನಕಲು ಎರಡು ಇರಲಿ, ಬೇರೆ ಬೇರೆ ಕಡೆ. ಒಂದೇ ಪೆನ್‌ಡ್ರೈವ್ ನಂಬಿಕೊಂಡು ಮೂಲ ಅಳಿಸಬೇಡಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಮನೆಯ ಇನ್ನೊಂದು ಕಂಪ್ಯೂಟರ್‌ನಲ್ಲಿ ಒಂದು. ಅದರಲ್ಲಿ ನಿಮ್ಮ ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲ ಇರುತ್ತದೆ, ಆದ್ದರಿಂದ ಡಿಸ್ಕಿಗೆ ಪಾಸ್‌ವರ್ಡ್ ಹಾಕಿ. ಇಷ್ಟಾದ ಮೇಲೆ ಜಿಮೇಲ್‌ನಲ್ಲಿ ಆ ಲೇಬಲ್ ತೆರೆದು, ಎಲ್ಲ ಆಯ್ಕೆ ಮಾಡಿ, ನೆಮ್ಮದಿಯಾಗಿ ಅಳಿಸಿ.

ದುಡ್ಡು ಕೊಟ್ಟು ಜಾಗ ತೆಗೆದುಕೊಂಡರೆ ಆಗುವುದಿಲ್ಲವಾ? ಆಗುತ್ತದೆ. ಗೂಗಲ್ ಒನ್‌ನಲ್ಲಿ 100 ಜಿಬಿಗೆ ನಮ್ಮಲ್ಲಿ ಬಹಳ ಕಾಲದಿಂದ ತಿಂಗಳಿಗೆ 130 ರೂಪಾಯಿ ಇದೆ, ಮನೆಯವರ ಜೊತೆ ಹಂಚಿಕೊಳ್ಳಲೂಬಹುದು. ಮಕ್ಕಳ ಫೋಟೋಗಳಿಂದ ತುಂಬಿದ್ದರೆ ಕೊಡಿ, ಅದು ಸರಿಯಾದ ಖರ್ಚು. ಮೇಲ್‌ನಿಂದ ಮಾತ್ರ ತುಂಬಿದ್ದರೆ ಒಂದು ಭಾನುವಾರ ಕೂತು ತೆಗೆಯುವುದೇ ಸರಿ ಅಂತ ನನಗನ್ನಿಸುತ್ತದೆ. ಯಾಕೆಂದರೆ ಮುಂದೆ ಯಾವತ್ತೋ ದುಡ್ಡು ಕಟ್ಟುವುದು ನಿಂತರೆ, 15 ಜಿಬಿ ಮೀರಿದ ಖಾತೆಗೆ ಮತ್ತೆ ಅದೇ ಗತಿ, ಕಳಿಸುವಂತಿಲ್ಲ, ಬರುವಂತಿಲ್ಲ. ಮಿತಿ ಮೀರಿದ ಸ್ಥಿತಿಯಲ್ಲೇ 2 ವರ್ಷ ಇದ್ದರೆ ಒಳಗಿರುವುದನ್ನು ಗೂಗಲ್ ಅಳಿಸಬಹುದು. ಕೊಟ್ಟ ಜಾಗವನ್ನು ಹಿಂದಕ್ಕೆ ಪಡೆಯುವುದೂ ಹೊಸದಲ್ಲ. ಯಾಹೂ ಪುಕ್ಕಟೆ ಕೊಟ್ಟಿದ್ದ 1 ಟಿಬಿಯನ್ನು 2025ರಲ್ಲಿ 20 ಜಿಬಿಗೆ ಇಳಿಸಿತು. ವಿದ್ಯಾಸಂಸ್ಥೆಗಳಿಗೆ ಗೂಗಲ್ ಕೊಟ್ಟಿದ್ದ ಮಿತಿಯಿಲ್ಲದ ಜಾಗ 2022ರಲ್ಲಿ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಅಂತಾಯಿತು. ನಿಮ್ಮ ಹಳೆಯ ಕಾಲೇಜಿನ ಮೇಲ್ ವಿಳಾಸ ಇನ್ನೂ ಇದ್ದರೆ ಅದರಲ್ಲಿರುವುದನ್ನು ಈಗಲೇ ಎತ್ತಿಟ್ಟುಕೊಳ್ಳಿ.

ಆಫೀಸಿನ ಮೇಲ್ ಬೇರೆಯೇ ಕಥೆ. ಮೈಕ್ರೋಸಾಫ್ಟ್ 365 ಬಳಸುವ ಕಡೆ ಪ್ಲಾನ್ ನೋಡಿಕೊಂಡು ಒಬ್ಬರಿಗೆ ಸಾಮಾನ್ಯವಾಗಿ 50 ಅಥವಾ 100 ಜಿಬಿ ಇರುತ್ತದೆ. 50 ಜಿಬಿಯ ಪೆಟ್ಟಿಗೆಯಲ್ಲಿ, ಆಡಳಿತದವರು ಬದಲಿಸಿಲ್ಲವಾದರೆ, 49ಕ್ಕೆ ಎಚ್ಚರಿಕೆ, 49.5ಕ್ಕೆ ಕಳಿಸುವುದು ಬಂದ್, 50ಕ್ಕೆ ಬರುವುದೂ ಬಂದ್. ಇಲ್ಲಿ ಆನ್‌ಲೈನ್ ಆರ್ಕೈವ್ ಅನ್ನುವುದನ್ನು ಕಂಪನಿ ಕೊಟ್ಟಿದ್ದರೆ ಅದು ನಿಜವಾಗಿಯೂ ಬೇರೆ ಪೆಟ್ಟಿಗೆ, ಜಿಮೇಲ್‌ನ ಬಟನ್ ಹಾಗಲ್ಲ, ಅಲ್ಲಿಗೆ ಸರಿಸಿದರೆ ಇಲ್ಲಿ ಜಾಗ ಸಿಗುತ್ತದೆ. ಐಟಿ ವಿಭಾಗವನ್ನು ಮೊದಲು ಕೇಳಬೇಕಾದ್ದು ಅದನ್ನೇ. ಔಟ್‌ಲುಕ್‌ನ ಆಟೋ ಆರ್ಕೈವ್ ಮಾತ್ರ ಹಳೆಯ ಪತ್ರಗಳನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪಿಎಸ್‌ಟಿ ಅನ್ನುವ ಔಟ್‌ಲುಕ್‌ನದೇ ಮಾದರಿಯ ಫೈಲ್ ಮಾಡಿ ಇಡುತ್ತದೆ. ಲ್ಯಾಪ್‌ಟಾಪ್ ಕೆಟ್ಟರೆ, ಬದಲಾದರೆ, ಆ ಫೈಲೂ ಅದರ ಜೊತೆಗೇ ಹೋಗುತ್ತದೆ. ಪಿಎಸ್‌ಟಿಯನ್ನು ಆಫೀಸಿನ ನೆಟ್‌ವರ್ಕ್ ಡ್ರೈವ್‌ನಲ್ಲಿ ಇಟ್ಟುಕೊಂಡು ಅಲ್ಲಿಂದಲೇ ತೆರೆಯುವುದೂ ಬೇಡ, ಫೈಲ್ ಕೆಡುವ ಸಾಧ್ಯತೆ ಜಾಸ್ತಿ. ಆಫೀಸಿನ ಪತ್ರಗಳು ಕಂಪನಿಯ ಸೊತ್ತು, ಇಷ್ಟು ವರ್ಷ ಇಡಲೇಬೇಕು ಅನ್ನುವ ನಿಯಮ ಎಷ್ಟೋ ಕಡೆ ಇರುತ್ತದೆ. ಕೇಳದೆ ಅಳಿಸಬೇಡಿ, ಕೇಳದೆ ಪೆನ್‌ಡ್ರೈವ್‌ಗೆ ಹಾಕಿಕೊಂಡು ಮನೆಗೂ ತರಬೇಡಿ.

ಕೊನೆಗೆ, ಅಪ್ಪ ಅಮ್ಮನ ಖಾತೆಗಳನ್ನೂ ನೋಡಿ. ಗೂಗಲ್ ಖಾತೆಯನ್ನು 2 ವರ್ಷ ಮುಟ್ಟದೇ ಬಿಟ್ಟರೆ ಜಾಗ ತುಂಬಿರದಿದ್ದರೂ ಖಾತೆಯನ್ನೇ ಅಳಿಸಬಹುದು ಅನ್ನುವ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಅವರು ಈಗ ಬಳಸದ ಹಳೆಯ ಖಾತೆ ಇದ್ದರೆ ಪಾಸ್‌ವರ್ಡ್ ಹಾಕಿ ಒಮ್ಮೆ ಒಳಗೆ ಹೋಗಿ, ಒಂದು ಪತ್ರ ತೆರೆದು ಓದಿ. ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಇದೆ. ಇಷ್ಟು ತಿಂಗಳು ಖಾತೆ ಸುಮ್ಮನಿದ್ದರೆ ಇಂಥವರಿಗೆ ತಿಳಿಸಿ, ಇದರ ನಕಲು ಅವರಿಗೆ ಕೊಡಿ ಅಂತ ಅಲ್ಲಿ ಮೊದಲೇ ಬರೆದಿಡಬಹುದು. ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರ ಹೆಸರು ಹಾಕಬೇಕು ಅಂತ ಅವರನ್ನೇ ಕೇಳಿ ಹಾಕಿ.